ಆಗುಂಬೆ ಘಾಟಿಗೆ ಮ್ಯಾನುವಲ್ ಕಾರೋ, ಎಎಂಟಿಯೋ (ತಾನೇ ಗೇರ್ ಬದಲಿಸುವುದೋ)?

ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ಆಗಾಗ ಇಳಿದು ಹತ್ತುವವರಿಗೆ ಮ್ಯಾನುವಲ್ಲೇ ಮೇಲು. ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರಿನಲ್ಲಿ, ತೀರಾ ಕಡಿದಾದಲ್ಲಿ ಮೊದಲನೆಯದರಲ್ಲಿ ಇಳಿದರೆ ಎಂಜಿನ್ನೇ ವೇಗ ಹಿಡಿದಿಡುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಯುತ್ತಾ ಬ್ರೇಕನ್ನೇ ಒತ್ತುತ್ತಿದ್ದರೆ ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ. ಪೆಟ್ರೋಲ್ ಉಳಿಯುತ್ತದೆ ಅನ್ನುವುದೂ ಭ್ರಮೆಯೇ. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ಚನ್ನು ಅದು ಕಚ್ಚುವವರೆಗೆ ಬಿಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಅರ್ಧ ಕ್ಲಚ್‌ನಲ್ಲೇ ಕಾರು ತಡೆದು ನಿಲ್ಲಿಸಿದರೆ ಪ್ಲೇಟ್ ಸುಟ್ಟ ವಾಸನೆ ಗ್ಯಾರಂಟಿ.

ಎಎಂಟಿಯಲ್ಲೂ ಇರುವುದು ಅದೇ ಕ್ಲಚ್ಚು, ಒತ್ತುವುದು ಮಾತ್ರ ಯಂತ್ರ. ಏರುತಿರುವಿನ ನಡುವೆ ಗೇರ್ ಬದಲಿಸಲು ತಡವರಿಸುತ್ತದೆ. ಘಾಟಿಯಲ್ಲಿ 'ಎಂ'ಗೆ, ಅಂದರೆ ಗೇರನ್ನು ನಾವೇ ಬದಲಿಸುವ ಮ್ಯಾನುವಲ್ ಮೋಡ್‌ಗೆ, ಹಾಕಿಕೊಳ್ಳಿ. ಏರಿನಲ್ಲಿ ಹಿಂದಕ್ಕೆ ಜಾರದಂತೆ ಕ್ಷಣಕಾಲ ಬ್ರೇಕ್ ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲದ್ದನ್ನು ಕೊಳ್ಳಲೇಬೇಡಿ. ಶಿವಮೊಗ್ಗ ಪೇಟೆಯೊಳಗಷ್ಟೇ ಓಡಾಟವಾದರೆ, ಎಡಗಾಲಿಗೆ ಎಎಂಟಿಯೇ ಸುಖ.