ಐನ್ಯಾಚುರಲಿಸ್ಟ್ ಆಪ್: ಚಿಪ್ಪುಹಂದಿಗೆ ಫುಲ್ ಮಾರ್ಕ್ಸ್, ಪಾಚಿಗೆ ಜಸ್ಟ್ ಪಾಸ್

ಐನ್ಯಾಚುರಲಿಸ್ಟ್ ಅಂದ್ರೆ ಕಂಡ ಜೀವಿಯ ಫೋಟೋ ಹಾಕಿದ್ರೆ ಅದು ಯಾವುದು ಅಂತ ಎಐ ಮತ್ತೆ ಬೇರೆ ಬಳಕೆದಾರರು ಗುರುತು ಹಿಡಿಯೋ, ಎಲ್ಲಿ ಕಂಡಿದ್ದು ಅಂತ ಮ್ಯಾಪಲ್ಲಿ ತೋರಿಸೋ ಆಪ್. ಹಕ್ಕಿ ಚಿಟ್ಟೆ ಇಟ್ಕೊಂಡು ಈ ಆಪ್ ರಿವ್ಯೂ ಮಾಡೋರು ಬೇಕಾದಷ್ಟು ಜನ ಇದಾರೆ, ಅದಕ್ಕೇ ನಾನು ಬೇಕಂತ ಒಂದಕ್ಕೊಂದು ಸಂಬಂಧನೇ ಇಲ್ಲದ ಎರಡು ಜೀವಿ ಆರಿಸ್ಕೊಂಡೆ. ಒಂದು ನಮ್ಮ ಚಿಪ್ಪುಹಂದಿ, ಇನ್ನೊಂದು ಹರ್ಪೋಡಿಸ್ಕಸ್ ಅನ್ನೋ ಪರಾವಲಂಬಿ ಕಂದು ಪಾಚಿ.

ಚಿಪ್ಪುಹಂದಿ ಗುರುತು ಹಿಡಿಯೋದು ಏನ್ ಮಹಾ, ಮೈತುಂಬ ಹಾಗೆ ಚಿಪ್ಪು ಹೊದ್ದಿರೋ ಸಸ್ತನಿ ಬೇರೆ ಇಲ್ಲ. ನಂಗೆ ಇಷ್ಟ ಆಗಿದ್ದು ಆಪ್ ಜಾಗ ಮುಚ್ಚಿಡೋ ರೀತಿ. ಅಳಿವಿನಂಚಿನ ಪ್ರಾಣಿ ಅಂದ್ರೆ ಸರಿಯಾದ ಲೊಕೇಶನ್ ಬೇರೆಯವರಿಗೆ ತೋರ್ಸಲ್ಲ, ಹೆಚ್ಚುಕಮ್ಮಿ 20 ಕಿಲೋಮೀಟರ್ ಉದ್ದಗಲದ ಚೌಕ ಹಾಕಿ ಅದರೊಳಗೆ ಎಲ್ಲೋ ಒಂದ್ಕಡೆ ಪಿನ್ ಚುಚ್ಚುತ್ತೆ, ದಿನಾಂಕದಲ್ಲೂ ತಿಂಗಳು ವರ್ಷ ಮಾತ್ರ. ಇದು ಬೇಕೇ ಬೇಕು. ಆ ಚಿಪ್ಪು ನಮ್ಮ ಉಗುರಲ್ಲಿರೋ ಕೆರಾಟಿನ್ನೇ, ಅದನ್ನ ಔಷಧಿ ಅಂತ ನಂಬಿ ಕೊಳ್ಳೋರಿದಾರೆ, 2016ರಲ್ಲಿ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ದೇಶಗಳು ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸೋಕೆ ಒಪ್ಪಿದ್ರೂ ಕಳ್ಳಸಾಗಣೆ ನಿಂತಿಲ್ಲ. ಪಾಪದ್ದು, ಹೆದರಿದ್ರೆ ಉಂಡೆ ಸುತ್ಕೊಂಡು ಕೂತ್ಬಿಡುತ್ತೆ, ಚಿರತೆ ಹಲ್ಲಿಂದ ಬಚಾವಾಗಬಹುದು, ಮನುಷ್ಯ ಹಾಗೇ ಎತ್ತಿ ಚೀಲಕ್ಕೆ ಹಾಕ್ಕೋತಾನೆ.

ಪಾಚಿ ಕಥೆ ಉಲ್ಟಾ. ನ್ಯೂಜಿಲೆಂಡ್ ಕಡಲತೀರದ ಬಂಡೆಗಳ ಮೇಲೆ ಬುಲ್ ಕೆಲ್ಪ್ ಅಂತ ದೊಡ್ಡ ಕಡಲಪಾಚಿ ಬೆಳೆಯುತ್ತೆ, ಅದರ ಒಳಗೇ ಇದರ ಸಂಸಾರ. ಅದೂ ಕಂದು ಪಾಚಿ ಇದೂ ಕಂದು ಪಾಚಿ, ದಾಯಾದಿ ಮನೇಲೇ ಬಿಟ್ಟಿ ಊಟ! ಆಚೆ ಕಾಣೋದು ಎಲೆ ಮೇಲಿನ ಕಪ್ಪುಗಂದು ಮಚ್ಚೆ ಅಷ್ಟೇ. ಸಾಕಷ್ಟು ಫೋಟೋ ಬಂದಿರೋ ಜೀವಿಗಳನ್ನ ಮಾತ್ರ ಆಪ್‌ನ ಎಐ ಕಲಿತಿರುತ್ತೆ, ಹಾಗಾಗಿ ಇಂಥದ್ದಕ್ಕೆ ಅದನ್ನ ನಂಬ್ಕೊಂಡು ಕೂರೋಕಾಗಲ್ಲ, ಗೊತ್ತಿರೋ ಯಾರಾದ್ರೂ ನೋಡಿ ಹೇಳ್ಬೇಕು. ಮಚ್ಚೆ ಹತ್ತಿರದಿಂದ ಒಂದು, ಇಡೀ ಕೆಲ್ಪ್ ಒಂದು, ಎರಡೂ ಫೋಟೋ ಹಾಕಿದ್ರೆ ಅವರಿಗೂ ಸುಲಭ.

ಈ ಪಾಚಿ ವಿಷಯದಲ್ಲಿ ಲೊಕೇಶನ್ ಎಷ್ಟು ಕರೆಕ್ಟಾಗಿದ್ರೆ ಅಷ್ಟು ಒಳ್ಳೇದು, ಎಲ್ಲೆಲ್ಲಿ ಹರಡಿದೆ ಅಂತ ಗೊತ್ತಾಗುತ್ತೆ. ಬುಲ್ ಕೆಲ್ಪ್ ಒಳಗೆ ಜೇನುಗೂಡಿನ ಥರ ಗಾಳಿ ಗೂಡುಗಳಿರುತ್ತೆ, ಬಂಡೆ ಬಿಟ್ಟು ಕಿತ್ತು ಬಂದ್ರೂ ಮುಳುಗಲ್ಲ, ತೇಲುತ್ತೆ. ಈ ಪಾಚಿ ಅದರೊಳಗೇ ಕೂತು ಪೆಸಿಫಿಕ್ ದಾಟಿ ಚಿಲಿವರೆಗೂ ಹೋಗಿದೆ ಅಂತ 2013ರ ಒಂದು ಡಿಎನ್ಎ ಅಧ್ಯಯನ ಹೇಳುತ್ತೆ. ಟಿಕೆಟ್ಟೂ ಇಲ್ಲ ಏನೂ ಇಲ್ಲ.

ಆಪ್ ಪೂರ್ತಿ ಫ್ರೀ, ಜಾಹೀರಾತಿನ ಕಾಟ ಇಲ್ಲ, ನನ್ನ ಕಡೆಯಿಂದ 5ಕ್ಕೆ 4. ಒಂದು ಮಾತು, ಚಿಪ್ಪುಹಂದಿ ಫೋಟೋ ಹಾಕೋರು ಕೆಳಗಡೆ ನೋಟ್ಸ್‌ನಲ್ಲಿ ಊರು, ತೋಟದ ಹೆಸರು ಬರೀಬೇಡಿ, ಆಪ್ ಮುಚ್ಚೋದು ಮ್ಯಾಪನ್ನ, ನೀವು ಟೈಪ್ ಮಾಡಿದ್ದನ್ನಲ್ಲ.