ಜಿಮ್ನಾಸ್ಟಿಕ್ಸ್ ಕ್ಲಾಸ್‌ಗೆ ಸೇರಿಸುವ ಮುಂಚೆ ಆ ಪರದೆ ಸರಿಸಿ ನೋಡಿ

ಮುರಿದ ಮೂಳೆ ಕೂಡಲೆಂದು ಮಗಳ ಮೊಣಕೈಗೆ ಹಾಕಿದ್ದ ಎರಡು ತಂತಿಗಳನ್ನು ಹೋದ ವಾರ ತೆಗೆದರು. ಅವಳಿಗೆ ಏಳು ವರ್ಷ. ಕೈ ಇನ್ನೂ ಪೂರ್ತಿ ನೆಟ್ಟಗಾಗುತ್ತಿಲ್ಲ. ನಿಧಾನಕ್ಕೆ ಸರಿಹೋಗುತ್ತದೆ ಎಂದು ಡಾಕ್ಟರ್ ಧೈರ್ಯ ಹೇಳಿದ್ದಾರೆ. ಇಷ್ಟು ದಿನ ಇದನ್ನು ಬರೆಯುವ ಮನಸ್ಸೇ ಆಗಿರಲಿಲ್ಲ. ಈಗ ಬೇಸಿಗೆ ರಜೆ ಹತ್ತಿರ ಬಂತು, ನಮ್ಮ ಬಡಾವಣೆಯ ಗೇಟ್‌ಗೆ ಮತ್ತೆ ಜಿಮ್ನಾಸ್ಟಿಕ್ಸ್ ಸಮ್ಮರ್ ಕ್ಯಾಂಪ್ ಬ್ಯಾನರ್ ಕಟ್ಟಿದ್ದಾರೆ. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಜಾಗದ ಹೆಸರು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಇಂಥ ಕ್ಲಾಸ್‌ಗಳು ಬೇಕಾದಷ್ಟಿವೆ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಚೆನ್ನಾಗಿವೆ ಅಂದುಕೊಳ್ಳುವ ಅಪಾಯವೂ ಇದೆ.

ಸೇರಿಸಿದ್ದು ಅವಳ ಹಟಕ್ಕೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಜಿಮ್ನಾಸ್ಟ್ ದೀಪಾ ಕರ್ಮಾಕರ್ ವಾಲ್ಟ್ (ಓಡಿ ಬಂದು ಮೇಜಿನಂಥ ಉಪಕರಣಕ್ಕೆ ಕೈ ಊರಿ ಹಾರುವುದು) ಮಾಡಿ ನಾಲ್ಕನೇ ಸ್ಥಾನ ಪಡೆದ ವಿಡಿಯೊವನ್ನು ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ದಿನಾ ಮಂಚದ ಮೇಲೆ ಲಾಗ ಹಾಕುತ್ತಿದ್ದಳು. ನಮಗೆ ಪದಕದ ಆಸೆ ಏನೂ ಇರಲಿಲ್ಲ. ಸಂಜೆ ಟಿವಿ ಬಿಟ್ಟು ಒಂದು ಗಂಟೆ ಆಡಲಿ, ಮೈ ಹಗುರಾಗಲಿ, ಅಷ್ಟೇ.

ಉಚಿತ ಡೆಮೊ ಕ್ಲಾಸ್ ಬಹಳ ಚೆನ್ನಾಗಿತ್ತು. ಆರು ಮಕ್ಕಳು, ಇಬ್ಬರು ಕೋಚ್. ಹಿರಿಯ ಕೋಚ್ ಮಗಳ ಸೊಂಟ ಹಿಡಿದುಕೊಂಡು ಹಿಂದಕ್ಕೆ ಬಾಗಿಸಿದರು, ಅವಳು ನಗುತ್ತಲೇ ಇದ್ದಳು. ಅವತ್ತೇ ಮೂರು ತಿಂಗಳಿಗೆ 15,000 ಕಟ್ಟಿದೆವು. ಒಂದು ಫಾರಂಗೆ ಸಹಿ ಮಾಡಿಸಿಕೊಂಡರು. ನಾನು ಓದದೆ ಸಹಿ ಹಾಕಿದೆ. ಏನೇ ಗಾಯವಾದರೂ ಸಂಸ್ಥೆ ಜವಾಬ್ದಾರಿಯಲ್ಲ, ಕಟ್ಟಿದ ಹಣ ವಾಪಸ್ ಇಲ್ಲ ಎಂದು ಅದರಲ್ಲಿ ಬರೆದಿತ್ತು.

ಆ ಹಿರಿಯ ಕೋಚ್‌ನ ನಾವು ಮತ್ತೆ ನೋಡಲೇ ಇಲ್ಲ. ಎರಡನೇ ವಾರದಿಂದ ಬಂದವನು ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಬ್ಯಾಚ್‌ನಲ್ಲಿ ಇಪ್ಪತ್ತೆರಡು ಮಕ್ಕಳು. ಗಾಜಿನ ಬಾಗಿಲಿಗೆ ಒಳಗಿನಿಂದ ಪರದೆ ಎಳೆದುಬಿಟ್ಟರು. ಅಪ್ಪ ಅಮ್ಮ ಕಾಣಿಸಿದರೆ ಮಕ್ಕಳ ಗಮನ ಆಚೀಚೆ ಹೋಗುತ್ತದಂತೆ. ನಾವೆಲ್ಲ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆವು. ಒಂದು ದಿನ ನೀರಿನ ಬಾಟಲ್ ಕೊಡುವ ನೆಪದಲ್ಲಿ ಒಳಗೆ ಹೋದೆ. ಮಕ್ಕಳು ಉದ್ದಕ್ಕೆ ಸಾಲಿನಲ್ಲಿ ನಿಂತಿದ್ದರು. ಒಂದು ಗಂಟೆಯಲ್ಲಿ ಒಬ್ಬೊಬ್ಬರ ಸರದಿ ನಾಲ್ಕೈದು ಸಲ ಬಂದರೆ ಹೆಚ್ಚು. ನೆಲಕ್ಕೆ ಹಾಸಿದ್ದು ಮಕ್ಕಳ ಆಟದ ಕೋಣೆಗೆ ಹಾಕುವ ಜೋಡಿಸುವ ಫೋಮ್ ಮ್ಯಾಟ್, ಅಲ್ಲಲ್ಲಿ ಸಂದು ಬಿಟ್ಟಿತ್ತು. ಇದು ನನ್ನ ಕಣ್ಣಿಗೆ ಬಿದ್ದಿತ್ತು. ಹೇಳಬೇಕಿತ್ತು. ಹಣ ಕಟ್ಟಿದ್ದೇವಲ್ಲ, ಎರಡು ತಿಂಗಳು ಕಳೆಯಲಿ ಎಂದುಕೊಂಡೆ.

ಮೊದಲ ತಿಂಗಳಲ್ಲಿ ಮಗಳು ಎರಡು ಸಲ ಹೇಳಿದ್ದಳು, "ಅಮ್ಮಾ, ತೊಡೆ ನೋಯ್ತಿದೆ" ಅಂತ. "ಮೊದಮೊದಲು ಹಾಗೇ ಆಗತ್ತೆ ಪುಟ್ಟಾ, ಅಭ್ಯಾಸ ಆಗ್ಲಿ" ಎಂದೆ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಸ್ಪ್ಲಿಟ್ (ಎರಡೂ ಕಾಲು ನೇರ ಚಾಚಿ ನೆಲಕ್ಕೆ ಕೂರುವುದು) ಮಾಡಿಸುವಾಗ ಆ ಕೋಚ್ ಮಕ್ಕಳ ಬೆನ್ನ ಮೇಲೆ ಕೂತು ಒತ್ತುತ್ತಿದ್ದ, ಅತ್ತವರನ್ನು ಎಲ್ಲರ ಮುಂದೆ ನಿಲ್ಲಿಸುತ್ತಿದ್ದ ಎಂದು ನನಗೆ ಗೊತ್ತಾಗಿದ್ದು ಆಸ್ಪತ್ರೆಯ ಮಂಚದ ಪಕ್ಕ ಕೂತಾಗ. ಬ್ರಿಟನ್ನಿನಲ್ಲಿ ಜಿಮ್ನಾಸ್ಟಿಕ್ಸ್ ಮಕ್ಕಳ ದೂರುಗಳ ಬಗ್ಗೆ ದೊಡ್ಡ ತನಿಖೆ ನಡೆದು, 2022ರಲ್ಲಿ ವೈಟ್ ವರದಿ ಬಂತು. ಹೀಗೆ ಅಳುವವರೆಗೆ ಮೈ ಎಳೆಸುವುದೂ ಅದರಲ್ಲಿದೆ. ಅದನ್ನು ಓದಿದಾಗ ನನಗೆ ಮಗಳ ತೊಡೆಯೇ ನೆನಪಾಯಿತು. ಮೈ ಬಳುಕುವುದು ತಿಂಗಳುಗಟ್ಟಲೆ ನಿಧಾನವಾಗಿ ಬರಬೇಕಾದ ವಿಷಯ. ಮೇಲೆ ಕೂತು ಒತ್ತಿದರೆ ಸ್ನಾಯು ಹರಿಯಬಹುದು.

ಪೆಟ್ಟಾಗಿದ್ದು ಟ್ರ್ಯಾಂಪೊಲಿನ್‌ನಲ್ಲಿ. ಕೋಚ್ ಆ ಕಡೆ ಬೀಮ್ ಹತ್ತಿರ ಇದ್ದ. ಈ ಕಡೆ ಮೂರು ಮಕ್ಕಳು ಒಟ್ಟಿಗೆ ಹಾರುತ್ತಿದ್ದರು. ದೊಡ್ಡ ಹುಡುಗಿಯೊಬ್ಬಳು ಇಳಿದ ರಭಸಕ್ಕೆ ನನ್ನ ಮಗಳು ಎಗರಿ ಹೊರಗೆ ಬಿದ್ದಳು, ಕೈ ಊರಿದಳು. ಒಂದು ಟ್ರ್ಯಾಂಪೊಲಿನ್ ಮೇಲೆ ಒಂದೇ ಮಗು ಎನ್ನುವುದು ಮೊದಲ ನಿಯಮ. ಅಮೆರಿಕದ ಮಕ್ಕಳ ವೈದ್ಯರ ಸಂಘ ಇದನ್ನು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದೆ, ಹೆಚ್ಚಿನ ಗಾಯಗಳು ಹಲವರು ಒಟ್ಟಿಗೆ ಹಾರುವಾಗಲೇ ಆಗುತ್ತವೆ. ಹಗುರವಾಗಿರುವ ಮಗುವಿಗೇ ಪೆಟ್ಟು ಜಾಸ್ತಿ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಕೋಚ್ ಅವಳ ಕೈಯನ್ನು ಎಳೆದು ನೆಟ್ಟಗೆ ಮಾಡಲು ನೋಡಿದ. ನೋವಿನ ಸ್ಪ್ರೇ ಹೊಡೆದ. ಅಳು ನಿಲ್ಲಲಿ ಎಂದು ಬಿಸ್ಕೆಟ್, ಜ್ಯೂಸ್ ಕೊಟ್ಟ. ಹತ್ತು ಹೆಜ್ಜೆ ಆಚೆ ಕೂತಿದ್ದ ನನ್ನನ್ನು ಕರೆದಿದ್ದು ಇಪ್ಪತ್ತು ನಿಮಿಷ ಆದ ಮೇಲೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಮಣಿಕಟ್ಟಿನ ನಾಡಿ ನೋಡಿದರು. ನರ ಸರಿಯಿದೆಯೇ ಎಂದು ನೋಡಲು, ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡು ಎಂದು ಮಗಳಿಗೆ ಹೇಳಿದರು. ಮೊಣಕೈಯಿಂದ ಸ್ವಲ್ಪ ಮೇಲೆ ಮೂಳೆ ಮುರಿದಿತ್ತು. ಅಲ್ಲೇ ಪಕ್ಕದಲ್ಲಿ ರಕ್ತನಾಳವೂ ನರಗಳೂ ಹಾದುಹೋಗುತ್ತವಂತೆ. ಕೈ ಎಳೆದಾಗ ಅವಕ್ಕೆ ಪೆಟ್ಟಾಗಿದ್ದರೆ ಎಂದು ಈಗಲೂ ರಾತ್ರಿ ನೆನಪಾಗುತ್ತದೆ. ತಿಂದು ಕುಡಿದಿದ್ದರಿಂದ ಆಪರೇಷನ್‌ಗೆ ಅನಸ್ತೇಶಿಯ ಕೊಡಲು ಗಂಟೆಗಟ್ಟಲೆ ಕಾಯಬೇಕಾಯಿತು. ಮಗು ಬಿದ್ದು ಕೈ ಊದಿಕೊಂಡರೆ ಎಳೆಯಬೇಡಿ, ಉಜ್ಜಬೇಡಿ. ಹೇಗಿದೆಯೋ ಹಾಗೇ ರಟ್ಟೋ ಮಡಿಸಿದ ಪೇಪರೋ ಆಸರೆಗೆ ಕೊಟ್ಟು ಸಡಿಲವಾಗಿ ಕಟ್ಟಿ, ತಿನ್ನಲು ಕುಡಿಯಲು ಏನೂ ಕೊಡದೆ ಕರೆದುಕೊಂಡು ಹೋಗಿ.

ಸಂಸ್ಥೆಯವರು ಒಂದು ಸಲ ಫೋನ್ ಮಾಡಿದರು. "ಮಕ್ಕಳು ಅಂದ್ಮೇಲೆ ಬೀಳ್ತಾರೆ ಮೇಡಂ" ಎಂದರು. ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ನಡೆದದ್ದನ್ನು ಬರೆದೆ, ಅರ್ಧ ಗಂಟೆಯಲ್ಲಿ ನನ್ನನ್ನು ತೆಗೆದುಹಾಕಿದರು. ಉಳಿದ ಫೀಸು ಕೇಳಿದರೆ ಆ ಫಾರಂನ ಫೋಟೊ ಕಳಿಸಿದರು. ಸಹಿ ಮಾಡಿಬಿಟ್ಟೆವಲ್ಲ ಎಂದು ಕೈಚೆಲ್ಲಬೇಡಿ. ಸೇವೆಯಲ್ಲಿ ಲೋಪವಾದರೂ ಹಣ ಹಿಂತಿರುಗಿಸದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ರಸೀದಿ, ಆಸ್ಪತ್ರೆಯ ಕಾಗದ, ಮೆಸೇಜ್‌ಗಳು ಎಲ್ಲವನ್ನೂ ಇಟ್ಟುಕೊಂಡಿದ್ದು ಉಪಯೋಗಕ್ಕೆ ಬಂತು.

ಸೇರಿಸುವ ಯೋಚನೆ ಇದ್ದರೆ ಡೆಮೊ ನೋಡಿ ನಂಬಬೇಡಿ. ಹೇಳದೆ ಕೇಳದೆ ಒಂದು ಮಾಮೂಲಿ ದಿನ ಹೋಗಿ, ಪೂರ್ತಿ ಒಂದು ಗಂಟೆ ನಿಂತು ನೋಡಿ. ಬಿಡುವುದಿಲ್ಲ ಎಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು ಎಂದು ನೀವೇ ಎಣಿಸಿ. ಕೋಚ್ ಎನ್‌ಐಎಸ್ (ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಕೋರ್ಸ್) ಕಲಿತವರು ಎಂದರೆ ಯಾವುದು ಎಂದು ಕೇಳಿ. ವರ್ಷದ ಡಿಪ್ಲೊಮಾ ಬೇರೆ, ಆರು ವಾರದ ಸರ್ಟಿಫಿಕೇಟ್ ಬೇರೆ. ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಬೇಡಿ. ಕಟ್ಟಿದ ಹಣದ ಮುಖ ನೋಡಿಯೇ ನಾನು ಬಾಯಿ ಮುಚ್ಚಿಕೊಂಡಿದ್ದು.

ಮಗು ಈಗಾಗಲೇ ಹೋಗುತ್ತಿದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ, ಸ್ಪ್ಲಿಟ್ ಮಾಡಿಸುವಾಗ ಸರ್ ಏನೇನು ಮಾಡ್ತಾರೆ ಎಂದು ಕೇಳಿ. ನೆಲದ ಮೇಲೆ ಮಾಡಿ ತೋರಿಸು ಎನ್ನಿ. ನೋವಾಗತ್ತಾ ಎಂದು ನಾನೂ ಆಮೇಲೊಮ್ಮೆ ಕೇಳಿದ್ದೆ. ಇಲ್ಲ ಅಮ್ಮಾ, ಅಭ್ಯಾಸ ಆಯ್ತು ಎಂದಿದ್ದಳು.