ಹೆಸರು ಮರೆಯುವ ಭಯಕ್ಕೆ ಕೊಂಡ ಇ-ರೀಡರ್: 6 ವರ್ಷ ಬಳಸಿದ ಮೇಲೆ

ಈ ಇ-ರೀಡರ್, ಅಂದರೆ ಪುಸ್ತಕ ಓದಲೆಂದೇ ಮಾಡಿದ ಪುಟ್ಟ ಯಂತ್ರ, ನನ್ನ ಕೈಗೆ ಬಂದು 6 ವರ್ಷ ಆಯಿತು. ಇದರಲ್ಲಿ ಓದಿದ್ದರಲ್ಲಿ ಮುಕ್ಕಾಲು ಪಾಲು ಫ್ಯಾಂಟಸಿ, ಅಂದರೆ ಮಾಯಾಲೋಕದ ಕಥೆಗಳು. ಅದೂ ಒಂದೊಂದು ಭಾಗ 700, 800 ಪುಟ ಇರುವ, ಕೊನೆಗೆ ಹೆಸರುಗಳದ್ದೇ ಒಂದು ಉದ್ದ ಪಟ್ಟಿ ಇರುವ ಸರಣಿಗಳು. ಬೇರೆ ಥರದ ಪುಸ್ತಕ ಓದುವವರಿಗೆ ಈ ಯಂತ್ರ ಹೇಗೆ ಅನ್ನೋದನ್ನು ಬೇರೆಯವರು ಹೇಳಲಿ. ನಾನು ಬರೆಯುತ್ತಿರುವುದು ನನ್ನಂಥ ಓದುಗರಿಗೆ. ಮಾಡೆಲ್ ಹೆಸರು ಹಾಕುತ್ತಿಲ್ಲ. 6 ಇಂಚಿನ ಕಪ್ಪು-ಬಿಳುಪು ಇ-ಇಂಕ್ ಪರದೆ (ಕಾಗದದ ಮೇಲಿನ ಶಾಯಿಯ ಹಾಗೆ ಕಾಣುವಂಥದ್ದು), 300 ಪಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕಿ), 8 ಜಿಬಿ ಜಾಗ, ಒಳಗೇ ದೀಪ. ಇಷ್ಟಿರುವ ಯಾವ ರೀಡರ್‌ಗಾದರೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ.

ಎಲ್ಲರೂ ಹೇಳುವ ಗುಣಗಳು ನಿಜ. ಹಗುರ ಇದೆ. ದಪ್ಪ ಪುಸ್ತಕ ಎದೆ ಮೇಲೆ ಇಟ್ಟುಕೊಂಡು ಓದಿ ಮಣಿಕಟ್ಟು ನೋಯಿಸಿಕೊಂಡವರಿಗೆ ಅದರ ಬೆಲೆ ಗೊತ್ತು. ಒಂದು ಕಾದಂಬರಿ ಎರಡು ಮೂರು ಎಂಬಿ ಅಷ್ಟೇ, ಹಾಗಾಗಿ ಜಾಗದ ಚಿಂತೆ ಇಲ್ಲ. ಬ್ಯಾಟರಿ ಮೊದಲ ವರ್ಷಗಳಲ್ಲಿ ಮೂರು ನಾಲ್ಕು ವಾರ ಬರುತ್ತಿತ್ತು, ಈಗ ಒಂದು ವಾರ. ಬೆಳಕು ಪರದೆಯ ಅಂಚಿನಿಂದ ಬಂದು ಅಕ್ಷರಗಳ ಮೇಲೆ ಬೀಳುತ್ತದೆ, ಫೋನಿನ ಹಾಗೆ ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ರಾತ್ರಿ ಎರಡು ಗಂಟೆವರೆಗೆ ಓದಿದರೂ ನನ್ನ ಕಣ್ಣು ಉರಿದಿಲ್ಲ.

ಆದರೆ ನಾನು ಇದನ್ನು ಕೊಂಡಿದ್ದು ಇದ್ಯಾವುದಕ್ಕೂ ಅಲ್ಲ. ಆಗ ಅಪ್ಪನಿಗೆ ಮರೆವು ಶುರುವಾಗಿತ್ತು. ಮೊದಲು ಹೋಗಿದ್ದು ಹೆಸರುಗಳು. ಮುಖ ನೋಡಿ ನಗುತ್ತಿದ್ದರು, ಬಾ ಕೂತ್ಕೋ ಅನ್ನುತ್ತಿದ್ದರು, ಹೆಸರು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಅದೇ ದಿನಗಳಲ್ಲಿ ನಾನು ಮೂರು ವರ್ಷ ಕಾದಿದ್ದ ಒಂದು ಸರಣಿಯ ಮುಂದಿನ ಭಾಗ ಬಂತು. 40ನೇ ಪುಟದಲ್ಲಿ ಒಬ್ಬ ಮುದುಕ ಸಭೆಯೊಳಗೆ ಬರುತ್ತಾನೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಒಬ್ಬಳು ಅಳುತ್ತಾಳೆ. ಅವನು ಯಾರು ಅಂತ ನನಗೆ ನೆನಪಾಗಲಿಲ್ಲ. ಹೆಸರು ಎರಡು ಮೂರು ಸಲ ಓದಿದೆ. ಏನೂ ಹೊಳೆಯಲಿಲ್ಲ. ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಕಥೆ ಮರೆತಿದ್ದಕ್ಕೆ ಬೇಜಾರಲ್ಲ, ನನಗೂ ಅದೇ ಶುರುವಾಯಿತಾ ಅನ್ನುವ ಭಯ.

ಫ್ಯಾಂಟಸಿಯಲ್ಲಿ ಒಂದು ಹಳೆಯ ನಂಬಿಕೆ ಮತ್ತೆ ಮತ್ತೆ ಬರುತ್ತದೆ. ಯಾವುದರ ನಿಜವಾದ ಹೆಸರು ನಿನಗೆ ಗೊತ್ತೋ ಅದು ನಿನ್ನ ಮಾತು ಕೇಳುತ್ತದೆ ಅಂತ. ಗಾಳಿಯ ಹೆಸರು ಗೊತ್ತಿದ್ದವನು ಗಾಳಿಯನ್ನು ಕರೆಯುತ್ತಾನೆ. ಚಿಕ್ಕಂದಿನಲ್ಲಿ ಅದು ಚಂದದ ಮಂತ್ರ ಅನಿಸಿತ್ತು. ಅಪ್ಪನ ಪಕ್ಕ ಕೂತು ಓದಿದಾಗ ಅದು ಮಂತ್ರ ಅನಿಸಲಿಲ್ಲ, ದಿನಾ ಕಣ್ಣೆದುರು ನಡೆಯುವ ಮಾತು ಅನಿಸಿತು.

ಹಾಗಾಗಿ ಈ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಹುಡುಕುವ ಸೌಲಭ್ಯ. ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದರೆ ಆ ಹೆಸರು ಪುಸ್ತಕದಲ್ಲಿ ಎಲ್ಲೆಲ್ಲಿ ಬಂದಿದೆ ಅಂತ ಪಟ್ಟಿ ಕೊಡುತ್ತದೆ, ಅಕ್ಕಪಕ್ಕದ ನಾಲ್ಕು ಪದದ ಜೊತೆ. ಆ ಮುದುಕನನ್ನು ನಾನು ಹಿಡಿದಿದ್ದು ಹೀಗೆ. ಮೊದಲ ಭಾಗದಲ್ಲಿ ದೋಣಿ ಕಟ್ಟುವವನಾಗಿ ಎರಡೇ ಪುಟ ಬಂದು ಹೋಗಿದ್ದ. ಆ ಎರಡು ಪುಟ ಮತ್ತೆ ಓದಿದೆ. ಆಮೇಲೆ ಸಭೆಯ ದೃಶ್ಯಕ್ಕೆ ಬಂದಾಗ ಅವಳು ಯಾಕೆ ಅಳುತ್ತಾಳೆ ಅಂತ ಗೊತ್ತಾಯಿತು, ನನ್ನ ಕಣ್ಣೂ ತುಂಬಿತು.

ಇಲ್ಲಿ ಒಂದು ಎಚ್ಚರಿಕೆ. ಈಗ ಓದುತ್ತಿರುವ ಭಾಗದಲ್ಲೇ ಹುಡುಕಬೇಡಿ. ಪಟ್ಟಿಯಲ್ಲಿ ನೀವಿನ್ನೂ ತಲುಪದ ಪುಟಗಳೂ ಬರುತ್ತವೆ. ನನಗೆ ತುಂಬಾ ಇಷ್ಟವಾದ ಒಬ್ಬ ಹುಡುಗಿಯ ಹೆಸರು ಹುಡುಕಿದೆ, ಕೊನೆಯ ಸಾಲಿನಲ್ಲಿ "ಸಮಾಧಿ" ಅನ್ನುವ ಪದ ಕಂಡಿತು. ಇನ್ನೂ 300 ಪುಟ ಬಾಕಿ ಇತ್ತು. ಅವಳು ನಗುವ ಪ್ರತಿ ಪುಟದಲ್ಲೂ ನನಗೆ ಸಂಕಟ. ಈಗ ಏನಿದ್ದರೂ ಹಿಂದಿನ ಭಾಗ ತೆರೆದು ಅದರಲ್ಲೇ ಹುಡುಕುತ್ತೇನೆ. ಎಲ್ಲ ಭಾಗಗಳನ್ನು ಒಂದೇ ಕಡತದಲ್ಲಿ ಸೇರಿಸಿ ಮಾರುವ ಸಂಪುಟಗಳನ್ನು ಕೊಳ್ಳುವುದು ಇದೇ ಕಾರಣಕ್ಕೆ ಬಿಟ್ಟೆ.

ಇದೇ ಸೌಲಭ್ಯ ಇನ್ನೊಂದು ಭಯಕ್ಕೂ ನೆರವಾಯಿತು. ನನಗೆ ಜೇಡ ಅಂದರೆ ಆಗುವುದಿಲ್ಲ. ಅಕ್ಷರದಲ್ಲಿ ಬಂದರೂ ಬೆನ್ನು ಜುಂ ಅನ್ನುತ್ತದೆ. ಫ್ಯಾಂಟಸಿಯಲ್ಲಿ ಗುಹೆ ಅಂತ ಬಂದರೆ ಒಳಗೆ ಕುದುರೆ ಗಾತ್ರದ ಜೇಡ ಇರುವುದು ಅಪರೂಪವೇನಲ್ಲ. ಕಾಗದದ ಪುಸ್ತಕದಲ್ಲಿ ಬೆರಳು ಸಿಕ್ಕಿಸಿಕೊಂಡು ಆ ದೃಶ್ಯ ಎಷ್ಟು ಪುಟ ಇದೆ ಅಂತ ನೋಡಿಬಿಡುತ್ತಿದ್ದೆ. ಇದರಲ್ಲಿ ಹಾಗೆ ಪುಟ ಹಾರಿಸಿ ಇಣುಕುವುದು ಕಷ್ಟ, ಪರದೆ ನಿಧಾನ. ಅದಕ್ಕೆ ಹೊಸ ಪುಸ್ತಕ ಶುರು ಮಾಡುವ ಮೊದಲು ಆ ಪದ ಹುಡುಕುತ್ತೇನೆ. ಸಿಕ್ಕಿದರೆ ಆ ಅಧ್ಯಾಯವನ್ನು ಹಗಲು ಹೊತ್ತಿನಲ್ಲಿ ಓದುತ್ತೇನೆ. ಹೀಗೆ ಮಾಡುವವರು ಬೇರೆಯವರೂ ಇರಬಹುದು ಅಂತಲೇ ಇದನ್ನು ಬರೆದೆ.

ಈಗ ನಕ್ಷೆ. ಇದರ ಬಗ್ಗೆ ನನಗೆ ನಿಜವಾಗಲೂ ಸಿಟ್ಟಿದೆ. ನಕ್ಷೆ ಇಲ್ಲದ ಪಯಣದ ಕಥೆ ನನಗೆ ಅರ್ಧ ಕಥೆ. ಅವರು ಎಷ್ಟು ದಿನ ನಡೆದರು, ಚಳಿ ಬರುವ ಮೊದಲು ಕಣಿವೆ ದಾಟುತ್ತಾರಾ, ನದಿ ಯಾವ ಕಡೆ ಇದೆ, ಇದೆಲ್ಲ ಕಣ್ಣೆದುರು ಇರಬೇಕು. ಕಾಗದದಲ್ಲಿ ಎರಡು ಪುಟ ತುಂಬಿರುವ ನಕ್ಷೆ ಇಲ್ಲಿ 6 ಇಂಚಿಗೆ ಕುಗ್ಗುತ್ತದೆ. ಊರಿನ ಹೆಸರುಗಳು ಸಾಸಿವೆ ಕಾಳು. ಹಿಗ್ಗಿಸಿದರೆ ಅಂಚುಗಳು ಒಡೆದು ಮಸುಕಾಗುತ್ತವೆ. ಪರದೆಯಲ್ಲಿ ಬೂದು ಬಣ್ಣದ 16 ಛಾಯೆ ಮಾತ್ರ, ಹಾಗಾಗಿ ಬಣ್ಣದಲ್ಲಿ ಬರೆದ ಸಮುದ್ರವೂ ಕಾಡೂ ಒಂದೇ. ಎಷ್ಟೋ ಪ್ರಕಾಶಕರು ಎಡಪುಟ ಬಲಪುಟ ಅಂತ ಎರಡು ಚಿತ್ರ ಮಾಡಿ ಹಾಕುತ್ತಾರೆ, ನಡುವಿನ ಪಟ್ಟಿಯಲ್ಲಿ ಒಂದು ರಾಜಧಾನಿಯೇ ಮಾಯ. ಇದು ಯಂತ್ರದ ತಪ್ಪು ಅರ್ಧ, ಪುಸ್ತಕ ಮಾಡುವವರ ಅಸಡ್ಡೆ ಅರ್ಧ. ಬಣ್ಣದ ಇ-ಇಂಕ್ ಬಂದಿದೆ ನಿಜ. ಆದರೆ ಈಗ ಬಣ್ಣದ ರೀಡರ್‌ಗಳಲ್ಲಿ ಹೆಚ್ಚಾಗಿ ಇರುವ ಕೆಲೈಡೊ 3 ಅನ್ನುವ ಪರದೆಯಲ್ಲಿ ಕಪ್ಪು ಅಕ್ಷರ 300 ಪಿಪಿಐ ಇದ್ದರೆ ಬಣ್ಣ 150 ಅಷ್ಟೇ. ಸಣ್ಣ ಅಕ್ಷರದ ನಕ್ಷೆಗೆ ಅದು ಸಾಲದು.

ನಾನು ಕಂಡುಕೊಂಡ ದಾರಿ ಪೆನ್ಸಿಲ್ಲು. ಪ್ರತಿ ಸರಣಿಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿಕೊಂಡು ತೆಳು ರಟ್ಟಿನ ಮೇಲೆ ನಾನೇ ಬರೆಯುತ್ತೇನೆ. ರೀಡರಿನ ಕವರಿನ ಒಳಗೆ ಸರಿಯಾಗಿ ಕೂರುವಷ್ಟು ಅಳತೆ. ಕರಾವಳಿಯ ಗೆರೆ, ಬೆಟ್ಟಕ್ಕೆ ಪುಟ್ಟ ಪುಟ್ಟ ತ್ರಿಕೋನ, ನಡೆದ ದಾರಿಗೆ ಕೆಂಪು ಚುಕ್ಕಿ. ಕೈಯಲ್ಲಿ ಬರೆದರೆ ಕಣ್ಣಿಗೆ ತಪ್ಪಿದ್ದೂ ಸಿಗುತ್ತದೆ. ಒಂದು ನಕ್ಷೆಯಲ್ಲಿ ಒಂದೇ ನದಿ ನಡುವೆ ಎರಡಾಗಿ ಸೀಳಿ ಎರಡು ಬೇರೆ ಬೇರೆ ಸಮುದ್ರಕ್ಕೆ ಹೋಗುತ್ತಿತ್ತು. ನದಿಗಳು ಇಳಿಜಾರು ಹಿಡಿದು ಒಂದಕ್ಕೊಂದು ಸೇರುತ್ತಾ ಹೋಗುತ್ತವೆ, ಹಾಗೆ ಸೀಳಿಕೊಂಡು ಎರಡು ದಿಕ್ಕಿಗೆ ಹೋಗುವುದು ತೀರಾ ಅಪರೂಪ. ಮಂತ್ರವಾದಿ ಬೆಂಕಿ ಉಗುಳಲಿ, ನನಗೆ ಅಡ್ಡಿಯಿಲ್ಲ. ನೀರು ಮಾತ್ರ ನೀರಿನ ಹಾಗೆ ಹರಿಯಬೇಕು. ಒಳ್ಳೆಯ ಫ್ಯಾಂಟಸಿಯಲ್ಲಿ ಮಾಯೆಗೂ ಒಂದು ಲೆಕ್ಕ ಇರುತ್ತದೆ, ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಬೆಲೆ ಇಲ್ಲದ ಮಾಯೆ ಬಂದರೆ ನಾನು ಪುಸ್ತಕ ಅಲ್ಲಿಗೇ ಬಿಡುತ್ತೇನೆ. ಭವಿಷ್ಯವಾಣಿಯಲ್ಲಿ ಮೊದಲೇ ಬರೆದಿದ್ದ ಹುಡುಗ ಅನ್ನುವ ಕಾರಣಕ್ಕೇ ಗೆಲ್ಲುವ ನಾಯಕನೂ ನನಗೆ ಬೇಡ.

ಶೇಕಡಾವಾರು ಸಂಖ್ಯೆಯನ್ನು ನಂಬಬೇಡಿ. ಕೆಳಗೆ 90% ಅಂತಿದ್ದರೆ ಇನ್ನೂ ಒಂದು ಒಳ್ಳೆಯ ಸಂಜೆಯ ಓದು ಬಾಕಿ ಇದೆ ಅನಿಸುತ್ತದೆ ಅಲ್ವಾ? ಫ್ಯಾಂಟಸಿಯಲ್ಲಿ ಹಾಗಲ್ಲ. ಯುದ್ಧ ಮುಗಿದು ಒಬ್ಬಳು ಬಾಗಿಲು ತೆರೆಯುತ್ತಾಳೆ, ಪುಟ ತಿರುಗಿಸಿದರೆ "ಅನುಬಂಧ 1: ರಾಜವಂಶಗಳು". ಕಥೆ 91ಕ್ಕೇ ಮುಗಿದಿತ್ತು. ಈಗ ಮೊದಲೇ ಪರಿವಿಡಿ ನೋಡಿ ಅನುಬಂಧ ಎಲ್ಲಿಂದ ಶುರು ಅಂತ ತಿಳಿದುಕೊಂಡು, ಆ ಸಂಖ್ಯೆಯನ್ನು ಅಡಗಿಸಿಡುತ್ತೇನೆ.

ಎರಡು ವರ್ಷದ ಹಿಂದೆ ನಡೆದದ್ದು ಬರೆಯಲು ಈಗಲೂ ಕಷ್ಟ. ಒಂದು ಬೆಳಗ್ಗೆ ಪುಟ ತಿರುಗಲಿಲ್ಲ. ಈ ಪರದೆಯಲ್ಲಿ ಕೂದಲೆಳೆ ದಪ್ಪದ ಲಕ್ಷಾಂತರ ಗುಳ್ಳೆಗಳಿರುತ್ತವೆ, ಅದರೊಳಗೆ ಕಪ್ಪು ಬಿಳಿ ಕಣಗಳು. ವಿದ್ಯುತ್ತು ಅವನ್ನು ಮೇಲೆ ಕೆಳಗೆ ಎಳೆಯುತ್ತದೆ. ಒಮ್ಮೆ ಎಳೆದ ಮೇಲೆ ಅವು ಅಲ್ಲೇ ಇರುತ್ತವೆ, ಕರೆಂಟು ಬೇಕಿಲ್ಲ. ಹಾಗಾಗಿ ಯಂತ್ರ ಸತ್ತಿದ್ದರೂ ಪುಟ ಹಾಗೇ ಕಾಣುತ್ತಿರುತ್ತದೆ. ಅರ್ಧ ದಿನ ಅದೇ ಪುಟ ನೋಡುತ್ತಾ ಕೂತಿದ್ದೆ. ಸಹಾಯವಾಣಿಯವರು ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿ ಅಂದರು, ಮಾಡಿದೆ. ಅಂಗಡಿಯಿಂದ ಕೊಂಡ ಪುಸ್ತಕಗಳು ವಾಪಸ್ ಬಂದವು. ನಾನೇ ಕಂಪ್ಯೂಟರಿನಿಂದ ಹಾಕಿಕೊಂಡಿದ್ದ ಪುಸ್ತಕಗಳಲ್ಲಿ ಬರೆದಿದ್ದ ಟಿಪ್ಪಣಿ ಒಂದೂ ಬರಲಿಲ್ಲ. ಅವು ಯಂತ್ರದೊಳಗಿನ ಒಂದು ಕಡತದಲ್ಲಿ ಮಾತ್ರ ಇದ್ದವಂತೆ. ಅದನ್ನು ಅಳಿಸುವ ಮೊದಲು ಯಾರೂ ಹೇಳಲಿಲ್ಲ.

4 ವರ್ಷದ ಟಿಪ್ಪಣಿಗಳು ಹೋದವು. ಬಹಳಷ್ಟು ಬರೀ ಹೆಸರುಗಳು, ಯಾರ ಮಗ, ಯಾವ ಕೋಟೆ. ಒಂದು ಮಾತ್ರ ಬೇರೆ ಇತ್ತು. ಒಬ್ಬ ಹಳೆಯ ಮಂತ್ರವಾದಿ ತನ್ನ ಗುರುವಿನ ಹೆಸರು ಮರೆತು ತಡಕಾಡುವ ಪುಟದಲ್ಲಿ, ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಬರೆದಿದ್ದೆ: "ಇವತ್ತು ಅಪ್ಪ ನನ್ನನ್ನು ಹೆಸರು ಹಿಡಿದು ಕರೆದರು." ಕೆಳಗೆ ದಿನಾಂಕ ತಾನಾಗೇ ಬಿದ್ದಿತ್ತು. ಅವರು ಹಾಗೆ ಕರೆದದ್ದು ಅದೇ ಕೊನೆ. ಸಾಲು ನನಗೆ ನೆನಪಿದೆ. ದಿನಾಂಕ ನೆನಪಿಲ್ಲ.

ಇದು ನನ್ನೊಬ್ಬರ ಕಥೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. 2009ರಲ್ಲಿ ಅಮೆಜಾನ್, ಮಾರಿದವರಿಗೆ ಹಕ್ಕು ಇರಲಿಲ್ಲ ಅಂತ ಎರಡು ಪುಸ್ತಕಗಳನ್ನು ಓದುಗರ ಕಿಂಡಲ್ ಇ-ರೀಡರ್‌ಗಳಿಂದ ದೂರದಿಂದಲೇ ಅಳಿಸಿತ್ತು. ಹಣ ವಾಪಸ್ ಕೊಟ್ಟರು. ಆದರೆ ಒಬ್ಬ ವಿದ್ಯಾರ್ಥಿ ಆ ಪುಸ್ತಕಕ್ಕೆ ಬರೆದುಕೊಂಡಿದ್ದ ಟಿಪ್ಪಣಿಗಳು ಕೆಲಸಕ್ಕೆ ಬಾರದಂತಾಗಿ, ಅವನು ಕೋರ್ಟಿಗೆ ಹೋದ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು, ಕೊಂಡ ಪುಸ್ತಕಗಳೆಲ್ಲ ಮಾಯವಾದವು. ಆಗಲೂ ಹಣ ವಾಪಸ್, ಟಿಪ್ಪಣಿ ಬರೆದಿದ್ದವರಿಗೆ ಹೆಚ್ಚುವರಿ 25 ಡಾಲರ್. ಟಿಪ್ಪಣಿಗೂ ಬೆಲೆ ಇದೆ ಅಂತ ಒಬ್ಬರಾದರೂ ಒಪ್ಪಿಕೊಂಡರು ಅಂತ ಓದಿದಾಗ ಸ್ವಲ್ಪ ಸಮಾಧಾನ ಆಯಿತು. ಆದರೆ ನನ್ನ ಆ ಒಂದು ಸಾಲಿಗೆ ಎಷ್ಟು ಕೊಟ್ಟರೂ ಸಾಲುತ್ತಿರಲಿಲ್ಲ.

ಹಾಗಾಗಿ ಕೊಳ್ಳುವವರಿಗೆ ನನ್ನ ಮುಖ್ಯವಾದ ಮಾತು ಇದು. ತಿಂಗಳಿಗೊಮ್ಮೆ ಕೇಬಲ್ ಹಾಕಿ ಟಿಪ್ಪಣಿಗಳ ಕಡತವನ್ನು ಕಂಪ್ಯೂಟರಿಗೆ ನಕಲು ಮಾಡಿ. ಎರಡು ನಿಮಿಷದ ಕೆಲಸ. ಕ್ಯಾಲಿಬರ್ ಅನ್ನುವ ಉಚಿತ ತಂತ್ರಾಂಶದಲ್ಲಿ ಪುಸ್ತಕಗಳನ್ನು ಜೋಡಿಸಿಟ್ಟುಕೊಳ್ಳಬಹುದು. ನಕಲು ಮಾಡದಂತೆ ಬೀಗ ಹಾಕಿರದ ಇಪಬ್ (ಇ-ಪುಸ್ತಕದ ಒಂದು ಬಗೆಯ ಕಡತ) ಸಿಗುವ ಕಡೆ ಅದನ್ನೇ ಕೊಳ್ಳಿ. ಮನಸ್ಸಿಗೆ ತುಂಬಾ ಹತ್ತಿರವಾದ ಪುಸ್ತಕವನ್ನು ಕಾಗದದಲ್ಲೂ ಇಟ್ಟುಕೊಳ್ಳಿ.

ಫ್ಯಾಂಟಸಿ ಓದುವವರ ಇನ್ನೊಂದು ದೊಡ್ಡ ಭಯ ಎಲ್ಲರಿಗೂ ಗೊತ್ತು. ಬರೆಯುತ್ತಿರುವವರೇ ಹೊರಟುಬಿಟ್ಟರೆ? ಫ್ಯಾಂಟಸಿ ಲೇಖಕ ರಾಬರ್ಟ್ ಜೋರ್ಡಾನ್ 1990ರಲ್ಲಿ ಶುರು ಮಾಡಿದ "ದ ವೀಲ್ ಆಫ್ ಟೈಮ್" ಸರಣಿ ಮುಗಿಯುವ ಮೊದಲೇ 2007ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಇನ್ನೊಬ್ಬ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಭಾಗ ಬರೆದರು, 2013ರಲ್ಲಿ 14ನೇ ಭಾಗದೊಂದಿಗೆ ಅದು ಮುಗಿಯಿತು. ಟಿಪ್ಪಣಿ ಉಳಿದಿದ್ದಕ್ಕೆ ಕಥೆ ಉಳಿಯಿತು. ಎಲ್ಲ ಭಾಗ ಬರುವವರೆಗೆ ಓದುವುದಿಲ್ಲ ಅಂತ ಹಟ ಹಿಡಿಯುವ ಗೆಳೆಯರಿದ್ದಾರೆ. ನಾನು ಹಾಗಿಲ್ಲ. ಓದುಗರು ಕಾಯುತ್ತಾ ಕೂತರೆ ಬರೆಯುವವರಿಗೆ ಮುಂದಿನ ಭಾಗಕ್ಕೆ ಪ್ರಕಾಶಕರೇ ಸಿಗುವುದಿಲ್ಲ.

ಪರದೆಯ ಮೇಲೆ ಹಿಂದಿನ ಪುಟದ ನೆರಳು ಉಳಿಯುವುದು ಈಗೀಗ ಜಾಸ್ತಿಯಾಗಿದೆ. ಪ್ರತಿ ಪುಟಕ್ಕೂ ಪೂರ್ತಿ ಅಳಿಸಿ ಬರೆಯುವ ಆಯ್ಕೆ ಹಾಕಿದ್ದೇನೆ, ಕಪ್ಪಗೆ ಒಮ್ಮೆ ಮಿನುಗುತ್ತದೆ, ಅಭ್ಯಾಸವಾಗಿದೆ. ಪುಟ ತಿರುಗಿಸುವ ಗುಂಡಿ ಇದ್ದಿದ್ದರೆ ಚೆನ್ನಾಗಿತ್ತು. ಚಳಿಯಲ್ಲಿ ಕಂಬಳಿಯಿಂದ ಕೈ ತೆಗೆಯಬೇಕಾಗುತ್ತದೆ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಿತ್ತಿದ್ದು ನಕ್ಷೆಗಲ್ಲ, ಆ ಕಡತದ ಬಗ್ಗೆ ಮೊದಲೇ ಎಚ್ಚರಿಸದಿದ್ದಕ್ಕೆ. ಬ್ಯಾಟರಿ ಇನ್ನೊಂದು ವರ್ಷ ಬಂದರೆ ಹೆಚ್ಚು. ಮುಂದೆಯೂ ಇ-ರೀಡರನ್ನೇ ಕೊಳ್ಳುತ್ತೇನೆ. ಹೊಸದರಲ್ಲಿ ಹಲವು 7 ಇಂಚಿನ ಕಡೆ ಹೋಗುತ್ತಿವೆ, ಆದರೆ ನಾನು 6 ಇಂಚಿನದ್ದೇ ಹುಡುಕುತ್ತಿದ್ದೇನೆ. ಇಲ್ಲಿವರೆಗೆ ಬರೆದ 11 ರಟ್ಟಿನ ನಕ್ಷೆಗಳು ಅದರ ಕವರಿನಲ್ಲಿ ಕೂರಬೇಕು.